ದೂರದ ಬೆಟ್ಟದ ಹಾಡು: ಮಾಲ್ಮೊಗೆ ಹೋದ ಜಪಾನಿ ಗಾಯಕರು

ಟೋಕಿಯೊ ನಗರದ ಶಿಬುಯಾ ಬಡಾವಣೆಯಲ್ಲಿ 1990ರ ದಶಕದ ನಡುಭಾಗದಲ್ಲಿ ಸಿ.ಡಿ. ಅಂಗಡಿಗೆ ಕಾಲಿಟ್ಟವರಿಗೆ ಒಂದು ಸೋಜಿಗ ಕಾದಿರುತ್ತಿತ್ತು. ಅಮೆರಿಕ, ಇಂಗ್ಲೆಂಡ್‌ಗಳ ಹೆಸರಾಂತ ತಂಡಗಳ ಪಕ್ಕದಲ್ಲೇ ಸ್ವೀಡನ್ ದೇಶದ, ಅದುವರೆಗೆ ಹೆಸರೇ ಕೇಳಿರದ ತಂಡಗಳ ಸಿ.ಡಿ.ಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ಆಗ ಇಡೀ ಸ್ವೀಡನ್ನಿನ ಜನಸಂಖ್ಯೆ ತೊಂಬತ್ತು ಲಕ್ಷವೂ ಇರಲಿಲ್ಲ. ಟೋಕಿಯೊ ಮಹಾನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನ ವಾಸವಾಗಿದ್ದರು. ಅಂಥ ಪುಟ್ಟ, ಚಳಿಯ ದೇಶದ ಹಾಡುಗಳಿಗೆ ಜಪಾನಿನ ಯುವಕ ಯುವತಿಯರು ಮರುಳಾಗಿದ್ದರು.

ಮರುಳು ಕೇಳುವವರಿಗಷ್ಟೇ ಸೀಮಿತವಾಗಿದ್ದರೆ ಅದೊಂದು ಸಾಮಾನ್ಯ ಸುದ್ದಿಯಾಗಿ ಮುಗಿಯುತ್ತಿತ್ತು. ಅದು ಹಾಡುವವರಿಗೂ ಹಿಡಿಯಿತು. ಜಪಾನಿನ ಗಾಯಕ ಗಾಯಕಿಯರು ಒಬ್ಬರ ಹಿಂದೊಬ್ಬರಂತೆ ಎಂಟು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಾಲ್ಮೊ ಎಂಬ ಊರಿಗೆ ಹೊರಟರು. ಅಲ್ಲಿನ ಒಂದೇ ಒಂದು ಸ್ಟುಡಿಯೊದಲ್ಲಿ, ಬಹುಮಟ್ಟಿಗೆ ಒಬ್ಬನೇ ನಿರ್ಮಾಪಕನ ಕೈಯಲ್ಲಿ ತಮ್ಮ ಹಾಡುಗಳನ್ನು ಮುದ್ರಿಸಿಕೊಂಡು ಬಂದರು. ಕೆಲವರಿಗೆ ಅದೃಷ್ಟ ಖುಲಾಯಿಸಿತು. ಆದರೆ ಗೆದ್ದವರಲ್ಲೇ ಒಬ್ಬರು ಎರಡನೆಯ ಸಲ ಅದೇ ಸ್ಟುಡಿಯೊದ ಶೈಲಿಗೆ ಮರಳಿ ತಂದ ಆಲ್ಬಮ್, ಮೊದಲಿನ ಬಿಸಿಲನ್ನೇ ಬಯಸಿ ಕಾದಿದ್ದವರ ಕೈಗೆ ಮೋಡವನ್ನು ಕೊಟ್ಟಿತು. ಅದೇ ಸ್ಟುಡಿಯೊ, ಅದೇ ನಿರ್ಮಾಪಕ, ಅದೇ ಗಾಯಕಿ. ಹಾಗಿದ್ದೂ ಮೊದಲಿನ ರುಚಿ ಏಕೆ ಬರಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದರೆ, ಒಂದು ದೇಶದ ಸಂಗೀತ ಮತ್ತೊಂದು ದೇಶಕ್ಕೆ ಹೋಗುವಾಗ ಏನನ್ನು ಹೊತ್ತೊಯ್ಯುತ್ತದೆ, ಏನನ್ನು ದಾರಿಯಲ್ಲೇ ಬಿಟ್ಟುಬಿಡುತ್ತದೆ ಎಂಬುದು ತಿಳಿಯುತ್ತದೆ.

ಹಡಗಿನ ಊರಲ್ಲಿ ಹಾಡಿನ ಕೋಣೆ

ಮಾಲ್ಮೊ ಸ್ವೀಡನ್ನಿನ ದಕ್ಷಿಣ ತುದಿಯ ಬಂದರು. ಕಡಲ ಕವಲಿನ ಆಚೆ ದಡದಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್. ಎರಡನ್ನೂ ಜೋಡಿಸುವ ಓರೆಸುಂಡ್ ಸೇತುವೆ ಸಂಚಾರಕ್ಕೆ ತೆರೆದದ್ದು 2000ದಲ್ಲಿ. ಅದಕ್ಕೆ ಮೊದಲು ದೋಣಿ, ಹಡಗುಗಳೇ ಗತಿ. ಒಂದು ಕಾಲಕ್ಕೆ ಈ ಊರು ಪ್ರಸಿದ್ಧವಾಗಿದ್ದುದು ಕೋಕುಮ್ಸ್ ಎಂಬ ಹಡಗು ಕಟ್ಟೆಯಿಂದ. 1980ರ ದಶಕದಲ್ಲಿ ಅಲ್ಲಿ ವಾಣಿಜ್ಯ ಹಡಗುಗಳ ನಿರ್ಮಾಣ ನಿಂತುಹೋಯಿತು. ಊರಿನ ಗುರುತಾಗಿ ಆಕಾಶಕ್ಕೆ ಚಾಚಿದ್ದ ಕಟ್ಟೆಯ ದೈತ್ಯ ಕ್ರೇನನ್ನು ದಕ್ಷಿಣ ಕೊರಿಯಾದ ಕಂಪೆನಿಯೊಂದು ಕೇವಲ ಒಂದು ಡಾಲರಿಗೆ ಕೊಂಡಿತು. 2002ರಲ್ಲಿ ಅದನ್ನು ಬಿಚ್ಚಿ ಉಲ್ಸಾನ್ ಬಂದರಿಗೆ ಸಾಗಿಸಿದಾಗ ಊರಿನ ಜನ ಕಣ್ಣೀರಿಟ್ಟರೆಂದು ಹೇಳುತ್ತಾರೆ. ಕೊರಿಯನ್ನರು ಆ ಕ್ರೇನಿಗೆ ‘ಮಾಲ್ಮೊದ ಕಣ್ಣೀರು’ ಎಂದೇ ಹೆಸರಿಟ್ಟರು.

ಹೀಗೆ ಕೈಗಾರಿಕೆ ಕುಸಿಯುತ್ತಿದ್ದ ಊರಿನಲ್ಲಿ 1991ರಲ್ಲಿ ಒಂದು ಚಿಕ್ಕ ಸ್ಟುಡಿಯೊ ಹುಟ್ಟಿಕೊಂಡಿತು. ಹೆಸರು ಟ್ಯಾಂಬರೀನ್ ಸ್ಟುಡಿಯೊಸ್. ಇದನ್ನು ಕಟ್ಟಿದವರು ಟೋರೆ ಯೋಹಾನ್ಸನ್ ಎಂಬ ಧ್ವನಿ ತಂತ್ರಜ್ಞ ಮತ್ತು ‘ಎಗ್‌ಸ್ಟೋನ್’ ಎಂಬ ಸ್ಥಳೀಯ ತಂಡದ ಗೆಳೆಯರು. ದೊಡ್ಡ ಬಂಡವಾಳವೇನೂ ಇರಲಿಲ್ಲ. ಆ ಹೊತ್ತಿಗೆ ಜಗತ್ತಿನ ಸ್ಟುಡಿಯೊಗಳೆಲ್ಲ ಡಿಜಿಟಲ್ ಯಂತ್ರಗಳತ್ತ ವಾಲುತ್ತಿದ್ದವು. ಬೇರೆಯವರು ಹಳತೆಂದು ಮೂಲೆಗೆ ತಳ್ಳುತ್ತಿದ್ದ ಟೇಪು ಯಂತ್ರ, ಮೈಕು, ಆರ್ಗನ್‌ಗಳ ಸದ್ದನ್ನೇ ಇವರು ನಂಬಿದರು.

ಇಲ್ಲಿ ಮೂಡಿದ ಧ್ವನಿಗೆ ಕೆಲವು ಸ್ಪಷ್ಟ ಲಕ್ಷಣಗಳಿದ್ದವು. 1980ರ ದಶಕದ ಪಾಪ್ ಸಂಗೀತದಲ್ಲಿ ಡ್ರಮ್ಮಿನ ಸದ್ದು ಗುಹೆಯೊಳಗೆ ಬಾರಿಸಿದಂತೆ ಮೊಳಗುತ್ತಿತ್ತು. ಟ್ಯಾಂಬರೀನ್‌ನಲ್ಲಿ ಅದು ಒಣಗಿದ, ಚಿಕ್ಕದಾದ ಸದ್ದು. ಪಕ್ಕದ ಕೋಣೆಯಲ್ಲಿ ಯಾರೋ ಬಾರಿಸುತ್ತಿದ್ದಾರೆ ಎನ್ನುವಷ್ಟು ಹತ್ತಿರ. ಕೊಳಲು, ಟ್ರಂಪೆಟ್, ಆರ್ಗನ್ ಇವುಗಳ ಬಳಕೆ ಹಿತಮಿತ. ಸ್ವರಜೋಡಣೆಯಲ್ಲಿ 1960ರ ದಶಕದ ಚಿತ್ರಸಂಗೀತ, ಜಾಝ್, ಬ್ರೆಜಿಲ್ ದೇಶದ ಬೊಸ್ಸನೋವಾ ಇವುಗಳ ಛಾಯೆ. ಇವೆಲ್ಲದರ ಮೇಲೆ ಕಿವಿಯ ಬಳಿ ಬಂದು ಮಾತಾಡಿದಂತೆ ಕೇಳುವ ಮೆಲುದನಿಯ ಗಾಯನ. ಒಟ್ಟಿನಲ್ಲಿ ಹಳೆಯ ಆಲ್ಬಮ್ಮಿನ ಮಾಸಿದ ವರ್ಣಚಿತ್ರವೊಂದನ್ನು ನೋಡಿದ ಅನುಭವ.

ಸ್ವೀಡನ್ನಿನಲ್ಲೇ ಇಂಥದ್ದು ಸಾಧ್ಯವಾಗಲು ಕಾರಣವೂ ಇತ್ತು. ಅಲ್ಲಿ 1940ರ ದಶಕದಿಂದೀಚೆಗೆ ಪುರಸಭೆಗಳೇ ಸಂಗೀತ ಶಾಲೆಗಳನ್ನು ನಡೆಸಿಕೊಂಡು ಬಂದಿವೆ. ಕಡಿಮೆ ಶುಲ್ಕದಲ್ಲಿ, ಎಷ್ಟೋ ಕಡೆ ಶುಲ್ಕವೇ ಇಲ್ಲದೆ, ಸಾಮಾನ್ಯ ಮನೆಯ ಮಕ್ಕಳೂ ವಾದ್ಯ ಕಲಿಯಬಹುದಿತ್ತು. ಹದಿಹರೆಯದವರು ತಂಡ ಕಟ್ಟಿಕೊಂಡರೆ ‘ಅಧ್ಯಯನ ಸಂಘ’ಗಳ ಮೂಲಕ ಅಭ್ಯಾಸಕ್ಕೆ ಕೋಣೆ, ಸಲಕರಣೆಗಳಿಗೆ ಸರ್ಕಾರದ ಸಹಾಯಧನ ಸಿಗುತ್ತಿತ್ತು. ದೇಶದ ಮಾರುಕಟ್ಟೆ ಚಿಕ್ಕದು. ಹಾಡಿ ಹೊಟ್ಟೆ ಹೊರೆಯಬೇಕೆಂದರೆ ಹೊರದೇಶದ ಕಿವಿಗೂ ತಲುಪಬೇಕು. 1974ರ ಯೂರೋವಿಷನ್ ಸ್ಪರ್ಧೆಯಲ್ಲಿ ‘ಅಬ್ಬಾ’ ತಂಡ ಗೆದ್ದ ಮೇಲೆ ಆ ದಾರಿ ತೆರೆದಿತ್ತು. ಅಬ್ಬಾ ತನ್ನ ಸಂಚಾರಿ ಕಛೇರಿಗಳ ಕೊನೆಯ ಪ್ರದರ್ಶನ ಕೊಟ್ಟದ್ದು 1980ರ ಮಾರ್ಚಿಯಲ್ಲಿ, ಟೋಕಿಯೊದ ಬುಡೋಕಾನ್ ಸಭಾಂಗಣದಲ್ಲಿ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಜಪಾನಿಗೂ ಸ್ವೀಡನ್ನಿಗೂ ನಡುವಿನ ನಂಟು ಆಗಲೇ ಬೆಳೆದಿತ್ತು.

ಕಬ್ಬಿಣದ ಸಂಗೀತದಿಂದ ಹತ್ತಿಯ ಹಾಡಿಗೆ

ಟ್ಯಾಂಬರೀನ್ ಹೆಸರನ್ನು ಜಗತ್ತಿಗೆ ಸಾರಿದ್ದು ‘ದಿ ಕಾರ್ಡಿಗನ್ಸ್’ ತಂಡ. 1992ರಲ್ಲಿ ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಇದು ಹುಟ್ಟಿತು. ಸ್ಥಾಪಕರಾದ ಪೀಟರ್ ಸ್ವೆನ್ಸನ್ ಮತ್ತು ಮಾಗ್ನಸ್ ಸ್ವೆನಿಂಗ್ಸನ್ ಇಬ್ಬರೂ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಹಿನ್ನೆಲೆಯವರು. ಆ ಗದ್ದಲ ಸಾಕೆನಿಸಿ ಮೃದುವಾದ ಹಾಡು ಕಟ್ಟತೊಡಗಿದರು. ಗಾಯಕಿಯಾಗಿ ನೀನಾ ಪೆರ್ಸನ್ ಬಂದರು. ಹಳೆಯ ಪ್ರೀತಿ ಪೂರ್ತಿ ಬಿಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ 1994ರ ಮೊದಲ ಆಲ್ಬಮ್ ‘ಎಮ್ಮರ್‌ಡೇಲ್’ನಲ್ಲಿ ಬ್ಲ್ಯಾಕ್ ಸ್ಯಾಬತ್ ಎಂಬ ಉಗ್ರ ತಂಡದ ಹಾಡೊಂದನ್ನು ಜೋಗುಳದಷ್ಟು ಮೆತ್ತಗೆ ಹಾಡಿದ್ದಾರೆ.

1995ರಲ್ಲಿ ಹೊರಬಂದ ಎರಡನೆಯ ಆಲ್ಬಮ್ ‘ಲೈಫ್’. ಮುಖಪುಟದಲ್ಲಿ ನೀನಾ ಹಿಮದ ಮೇಲೆ ಜಾರುವ ಸ್ಕೇಟಿಂಗ್ ಆಟಗಾರ್ತಿಯ ಉಡುಪಿನಲ್ಲಿ ನಗುತ್ತಿದ್ದಾರೆ. ಅದರ ‘ಕಾರ್ನಿವಲ್’ ಎಂಬ ಹಾಡು ಜಪಾನಿನ ರೇಡಿಯೊಗಳಲ್ಲಿ ಮತ್ತೆ ಮತ್ತೆ ಮೊಳಗಿತು. ಆಲ್ಬಮ್ ಅಲ್ಲಿ ಪ್ಲಾಟಿನಂ ಮಟ್ಟ ಮುಟ್ಟಿತು. ‘ಲವ್‌ಫೂಲ್’ ಎಂಬ ಹಾಡಿನಿಂದ ಈ ತಂಡ ಅಮೆರಿಕದಲ್ಲಿ ಮನೆಮಾತಾಗುವುದಕ್ಕೆ ಮೊದಲೇ, ಅಂದರೆ 1996ರ ‘ರೋಮಿಯೊ ಪ್ಲಸ್ ಜೂಲಿಯೆಟ್’ ಚಲನಚಿತ್ರಕ್ಕೂ ಮುಂಚೆಯೇ, ಜಪಾನ್ ಇವರನ್ನು ಕೈಹಿಡಿದಿತ್ತು. ಇವರ ಬೆನ್ನಿಗೇ ಎಗ್‌ಸ್ಟೋನ್, ಕ್ಲೌಡ್‌ಬೆರಿ ಜ್ಯಾಮ್ ಮುಂತಾದ ತಂಡಗಳೂ ಅಲ್ಲಿ ಜನಪ್ರಿಯವಾದವು. ಪತ್ರಿಕೆಗಳು ಇದನ್ನೆಲ್ಲ ಒಟ್ಟುಗೂಡಿಸಿ ‘ಸ್ವೀಡಿಶ್ ಪಾಪ್’ ಎಂಬ ಹಣೆಪಟ್ಟಿ ಹಚ್ಚಿದವು.

ಶಿಬುಯಾದ ಕಿವಿ

ಹಾಗಿದ್ದರೆ ಜಪಾನೇ ಏಕೆ? ಉತ್ತರ ಶಿಬುಯಾದಲ್ಲಿದೆ. ಈ ಬಡಾವಣೆಯಲ್ಲಿ ಟವರ್ ರೆಕಾರ್ಡ್ಸ್, 1990ರಲ್ಲಿ ತೆರೆದ ಎಚ್.ಎಂ.ವಿ. ಮುಂತಾದ ಭಾರೀ ಸಂಗೀತದ ಅಂಗಡಿಗಳಿದ್ದವು. ಹಳೆಯ ಗ್ರಾಮಾಫೋನ್ ತಟ್ಟೆಗಳನ್ನು ಮಾರುವ ಚಿಕ್ಕ ಅಂಗಡಿಗಳಂತೂ ಗಲ್ಲಿಗಲ್ಲಿಗೆ. ಆ ಕಾಲದ ಜಪಾನಿನ ಒಂದು ಪೀಳಿಗೆಯ ಸಂಗೀತಗಾರರು ಇಂಥ ಅಂಗಡಿಗಳಲ್ಲೇ ಬೆಳೆದವರು. ಫ್ರಾನ್ಸಿನ 1960ರ ದಶಕದ ಹಾಡು, ಇಟಲಿಯ ಸಿನಿಮಾ ಸಂಗೀತ, ಬ್ರೆಜಿಲ್ಲಿನ ಲಯ, ಬ್ರಿಟನ್ನಿನ ಗಿಟಾರ್ ತಂಡಗಳು ಹೀಗೆ ಜಗತ್ತಿನ ಮೂಲೆಮೂಲೆಯ ತಟ್ಟೆಗಳನ್ನು ಹೆಕ್ಕಿ ಕೇಳಿ, ಅದನ್ನೆಲ್ಲ ಸೇರಿಸಿ ತಮ್ಮದೇ ಹಾಡು ಹೊಸೆಯುತ್ತಿದ್ದರು. ಕೇಗೊ ಒಯಾಮಾದಾ ಮತ್ತು ಕೆಂಜಿ ಒಝಾವಾ ಸೇರಿ ನಡೆಸಿದ ‘ಫ್ಲಿಪ್ಪರ್ಸ್ ಗಿಟಾರ್’, ಯಾಸುಹಾರು ಕೊನಿಶಿಯವರ ‘ಪಿಝಿಕಾಟೊ ಫೈವ್’ ಈ ಬಗೆಯ ಮುಂಚೂಣಿಯ ತಂಡಗಳು. ಇವರ ಶೈಲಿಗೆ ‘ಶಿಬುಯಾ-ಕೇ’, ಎಂದರೆ ಶಿಬುಯಾ ಮಾದರಿ, ಎಂದು ಹೆಸರಾಯಿತು.

ಇಂಥ ಕಿವಿಗಳಿಗೆ ಕಾರ್ಡಿಗನ್ಸ್ ಹಾಡು ಬಿದ್ದಾಗ ಅದು ಅಪರಿಚಿತವೆನಿಸಲಿಲ್ಲ. ತಾವು ಹುಡುಕುತ್ತಿದ್ದುದನ್ನೇ ಯಾರೋ ಬಲು ದೂರದಲ್ಲಿ ಆಗಲೇ ಮಾಡಿ ಮುಗಿಸಿದ್ದಾರೆ ಎನಿಸಿತು. ಇದರಲ್ಲೊಂದು ತಮಾಷೆಯಿದೆ. ಸ್ವೀಡನ್ನಿನವರೂ ಆ ಶೈಲಿಯನ್ನು ಬೇರೆ ದೇಶಗಳಿಂದಲೇ ತಂದಿದ್ದರು. ಎರಡು ದೇಶದವರೂ ಒಂದೇ ಸಂತೆಯಲ್ಲಿ ಸಾಮಾನು ಕೊಂಡವರು. ಒಬ್ಬರ ಅಡುಗೆ ಇನ್ನೊಬ್ಬರಿಗೆ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ವ್ಯಾಪಾರದ ಲೆಕ್ಕಾಚಾರವೂ ಇದಕ್ಕೆ ಒದಗಿತು. 1990ರ ದಶಕದಲ್ಲಿ ಜಪಾನ್ ಅಮೆರಿಕದ ನಂತರ ಜಗತ್ತಿನ ಎರಡನೆಯ ದೊಡ್ಡ ಸಂಗೀತ ಮಾರುಕಟ್ಟೆ. ಅಲ್ಲಿನ ನಿಯಮದ ಪ್ರಕಾರ ದೇಶದೊಳಗೆ ಮುದ್ರಿಸಿದ ಸಿ.ಡಿ.ಗಳನ್ನು ಕಂಪೆನಿ ನಿಗದಿ ಮಾಡಿದ ಬೆಲೆಗೇ ಮಾರಬೇಕು. ಹೊರಗಿನಿಂದ ಬಂದ ಸಿ.ಡಿ.ಗಳಿಗೆ ಈ ಕಟ್ಟುಪಾಡಿಲ್ಲ. ಹೀಗಾಗಿ ಅವು ಅಗ್ಗ. ಗಿರಾಕಿ ಅತ್ತ ಜಾರದಿರಲೆಂದು ಕಂಪೆನಿಗಳು ಜಪಾನಿ ಮುದ್ರಣಕ್ಕೆ ಒಂದೆರಡು ಹೆಚ್ಚುವರಿ ಹಾಡು ಸೇರಿಸುತ್ತಿದ್ದವು. ಸ್ವಂತ ಊರಿನಲ್ಲಿ ಹೇಳಿಕೊಳ್ಳುವಂಥ ಮಾರಾಟವಿಲ್ಲದ ಯುರೋಪಿನ ಎಷ್ಟೋ ಚಿಕ್ಕ ತಂಡಗಳಿಗೆ ಜಪಾನಿನಿಂದ ಬರುವ ಹಣವೇ ಆಧಾರವಾಗಿದ್ದ ಕಾಲ ಅದು.

ವಿಮಾನ ಹತ್ತಿದವರು

ಧ್ವನಿ ಮೆಚ್ಚಿಕೊಂಡ ಮೇಲೆ ಅದು ಎಲ್ಲಿ ತಯಾರಾಗುತ್ತದೆ ಎಂದು ಹುಡುಕುವುದು ಮುಂದಿನ ಹೆಜ್ಜೆ. ಸಿ.ಡಿ.ಯ ಒಳಪುಟದಲ್ಲಿ ಸ್ಟುಡಿಯೊದ ಹೆಸರು, ನಿರ್ಮಾಪಕನ ಹೆಸರು ಇದ್ದೇ ಇರುತ್ತಿತ್ತು. ಶಿಬುಯಾದ ಅಭಿಮಾನಿಗಳು ಅವನ್ನು ಹಾಡಿನಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು.

‘ಬ್ರಿಡ್ಜ್’ ಎಂಬ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಹಿದೆಕಿ ಕಾಜಿ ಸ್ವತಂತ್ರ ಗಾಯಕರಾದಾಗ ಮಾಲ್ಮೊದ ಹಾದಿ ಹಿಡಿದರು. 1997ರಲ್ಲಿ ಬಂದ ಅವರ ‘ಮಿನಿ ಸ್ಕರ್ಟ್’ ಆಲ್ಬಮ್ ಆ ಸ್ಟುಡಿಯೊದ ಕೂಸು. ಸ್ವೀಡನ್ನಿನ ಮೇಲಿನ ಪ್ರೀತಿ ಅವರ ಹೆಸರಿಗೇ ಅಂಟಿಕೊಂಡಿತು. 1983ರಲ್ಲಿ ‘ಕಾಲವನ್ನು ದಾಟಿದ ಹುಡುಗಿ’ ಎಂಬರ್ಥದ ಹೆಸರಿನ ಚಿತ್ರದ ನಾಯಕಿಯಾಗಿ ಜಪಾನಿನ ಮನಗೆದ್ದಿದ್ದ ನಟಿ ತೊಮೊಯೊ ಹರಾದಾ ಕೂಡ ಟೋರೆ ಯೋಹಾನ್ಸನ್ ಅವರ ಜತೆ ಕೆಲಸ ಮಾಡಿದರು. 1997ರ ‘ಐ ಕುಡ್ ಬಿ ಫ್ರೀ’ ಆಲ್ಬಮ್ ಚಿತ್ರತಾರೆಯ ಹಾಡುಗಾರಿಕೆಗೆ ಹೊಸ ಗೌರವ ತಂದುಕೊಟ್ಟಿತು. ಜಪಾನಿನವರು ಮಾತ್ರವಲ್ಲ, ಲಂಡನ್ನಿನ ‘ಸೇಂಟ್ ಎಟಿಯೆನ್’ ತಂಡವೂ ತನ್ನ 1998ರ ‘ಗುಡ್ ಹ್ಯೂಮರ್’ ಆಲ್ಬಮ್ಮಿಗಾಗಿ ಅದೇ ಬಾಗಿಲು ತಟ್ಟಿತು.

ಭಾಷೆಯ ತೊಡಕು ಇರಲಿಲ್ಲವೇ ಎಂಬ ಪ್ರಶ್ನೆ ಸಹಜ. ಜಪಾನಿ ಭಾಷೆಯ ಪದ್ಯದ ಲೆಕ್ಕ ಕನ್ನಡ ಓದುಗರಿಗೆ ಅಷ್ಟೇನೂ ಹೊಸದಲ್ಲ. ಛಂದಸ್ಸಿನ ಮಾತ್ರೆಯಂತೆ ಅಲ್ಲೂ ನುಡಿಯನ್ನು ಸಣ್ಣ ಕಾಲಮಾನಗಳಲ್ಲಿ ಎಣಿಸುತ್ತಾರೆ. ಹಾಡಿನಲ್ಲಿ ಒಂದೊಂದು ಮಾತ್ರೆಗೆ ಒಂದೊಂದು ಸ್ವರ ಬೀಳುವುದೇ ಹೆಚ್ಚು. ಇಂಗ್ಲಿಷಿನಲ್ಲಾದರೆ ಒಂದು ಸ್ವರಕ್ಕೆ ಇಡೀ ಪದವೊಂದು ಕೂರಬಲ್ಲದು. ಹೀಗಾಗಿ ಒಂದೇ ಧಾಟಿಯಲ್ಲಿ ಇಂಗ್ಲಿಷ್ ಹೇಳುವಷ್ಟನ್ನು ಜಪಾನಿ ಹೇಳಲಾರದು. ಆದರೆ ಪ್ರತಿ ಸ್ವರಕ್ಕೂ ಒಂದು ಸ್ಪಷ್ಟ ಉಚ್ಚಾರ ಸಿಗುತ್ತದೆ. ಪದದ ಅರ್ಥ ತಿಳಿಯದ ನಿರ್ಮಾಪಕನಿಗೆ ಗಾಯಕಿಯ ದನಿಯೂ ಕೊಳಲು, ಆರ್ಗನ್‌ಗಳ ಹಾಗೆ ಒಂದು ನಾದವೇ ಆಗುತ್ತದೆ. ಅದೊಂದು ಅನುಕೂಲ. ಅದೇ ಮುಂದೆ ತೊಡಕೂ ಆಗಬಲ್ಲದು.

ಸ್ವರ್ಗದ ಅಡುಗೆಮನೆ

ಈ ಯಾತ್ರಿಕರಲ್ಲಿ ಹೆಚ್ಚು ಗಮನ ಸೆಳೆಯುವ ಹೆಸರು ಬಾನಿ ಪಿಂಕ್. ಅದು ರಂಗದ ಹೆಸರು. ಕ್ಯೋಟೊ ಮೂಲದ, 1973ರಲ್ಲಿ ಹುಟ್ಟಿದ ಈ ಗಾಯಕಿ ತನ್ನ ಹಾಡುಗಳನ್ನು ತಾನೇ ಬರೆದು ಸ್ವರ ಹಾಕುವವರು. ಜಪಾನಿ, ಇಂಗ್ಲಿಷ್ ಎರಡರಲ್ಲೂ ಬರೆಯಬಲ್ಲವರು. 1995ರಲ್ಲಿ ‘ಬ್ಲೂ ಜ್ಯಾಮ್’ ಎಂಬ ಮೊದಲ ಆಲ್ಬಮ್ ತಂದರು. ಅನಂತರ ಟೋರೆ ಯೋಹಾನ್ಸನ್ ಅವರ ಕೈಗೆ ಹಾಡುಗಳನ್ನು ಒಪ್ಪಿಸಿದರು.

ಫಲವಾಗಿ 1997ರಲ್ಲಿ ಬಂದದ್ದು ‘ಹೆವನ್ಸ್ ಕಿಚನ್’, ಎಂದರೆ ಸ್ವರ್ಗದ ಅಡುಗೆಮನೆ. ನ್ಯೂಯಾರ್ಕಿನ ‘ಹೆಲ್ಸ್ ಕಿಚನ್’ ಬಡಾವಣೆಯ ಹೆಸರನ್ನು ತಿರುವಿ ಹಾಕಿದಂತಿರುವ ಈ ಶೀರ್ಷಿಕೆಗೆ ತಕ್ಕಂತೆ ಎಲ್ಲ ಪದಾರ್ಥಗಳೂ ಹದವಾಗಿ ಬೆರೆತಿದ್ದವು. ಚುರುಕಾದ ಲಯ, ಒಣ ಡ್ರಮ್ಮು, ಹಳೆಯ ಆರ್ಗನ್ನಿನ ಗುಂಗು. ಅವುಗಳ ನಡುವೆ ತುಸು ಒರಟಾದ, ಹಟಮಾರಿ ಹೆಣ್ಣುದನಿ. ಅದೇ ವರ್ಷದ ‘ಇಟ್ಸ್ ಗೊನ್ನ ರೇನ್’ ಎಂಬ ಹಾಡು ‘ರುರೋನಿ ಕೆನ್‌ಶಿನ್’ ಎಂಬ ಜನಪ್ರಿಯ ಅನಿಮೇಷನ್ ಧಾರಾವಾಹಿಯ ಕೊನೆಗೆ ಪ್ರಸಾರವಾಗಿ ಮನೆಮನೆಗೆ ತಲುಪಿತು. ಈ ಆಲ್ಬಮ್ಮಿನ ವಿಶೇಷವೆಂದರೆ ಅದು ಕಾರ್ಡಿಗನ್ಸ್ ತಂಡದ ನಕಲು ಎನಿಸುವುದಿಲ್ಲ. ನೀನಾ ಪೆರ್ಸನ್ ಅವರದು ತಣ್ಣನೆಯ ದನಿ. ಬಾನಿ ಪಿಂಕ್ ಅವರ ದನಿಯಲ್ಲಿ ಕಾವಿದೆ. ಸ್ವೀಡನ್ನಿನ ಕೋಣೆ, ಕ್ಯೋಟೊದ ಹುಡುಗಿ. ಎರಡರ ನಡುವಿನ ಎಳೆದಾಟವೇ ಆ ಹಾಡುಗಳ ಶಕ್ತಿ.

ಮರುವರ್ಷವೇ, 1998ರಲ್ಲಿ, ಮೂರನೆಯ ಆಲ್ಬಮ್ ಬಂತು. ಹೆಸರು ‘ಈವಿಲ್ ಅಂಡ್ ಫ್ಲವರ್ಸ್’. ಫ್ರೆಂಚ್ ಕವಿ ಬೋದಿಲೇರನ 1857ರ ಕವನ ಸಂಕಲನವನ್ನು ನೆನಪಿಸುವ ಹೆಸರಿದು. ಪಿ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದದ್ದು ಇದೇ ಬೋದಿಲೇರನನ್ನು. ಶೀರ್ಷಿಕೆಯೇ ಹೇಳುವಂತೆ ಈ ಬಾರಿ ಬೆಳಕು ಕಡಿಮೆ. ಲಯ ನಿಧಾನವಾಯಿತು. ಮೊದಲಿನ ಪುಟಿತದ ಜಾಗದಲ್ಲಿ ತನ್ನೊಳಗೆ ತಾನೇ ಇಳಿದು ಮಾತಾಡುವ ಹಾಡುಗಳು. ಮಾಲ್ಮೊದಿಂದ ಬಿಸಿಲು ಬರುತ್ತದೆಂದು ಕಾದವರಿಗೆ ಮೋಡ ಬಂದಂತಾಯಿತು.

‘ಹೆವನ್ಸ್ ಕಿಚನ್’ ಕೇಳಿ ಮುಗಿಸಿ ಇದನ್ನು ಹಾಕಿಕೊಂಡರೆ ನಿರಾಸೆ ಆಗುವುದು ನಿಜ. ಹಿಂದಿನದರಲ್ಲಿ ಹಾಡು ಕೇಳುಗರ ಕೈಹಿಡಿದು ಎಳೆದೊಯ್ಯುತ್ತದೆ. ಇದರಲ್ಲಿ ಕೇಳುಗರೇ ಹಾಡಿನ ಬಳಿಗೆ ಹೋಗಿ ಕೂರಬೇಕು. ಒಂದರ ಪಕ್ಕ ಒಂದು ನಿಧಾನಗತಿಯ ಹಾಡು ಬಂದಾಗ ಅವುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಈ ಆಲ್ಬಮ್ಮಿನ ನಂತರ ಗಾಯಕಿ ಬಿಡುವು ತೆಗೆದುಕೊಂಡು ನ್ಯೂಯಾರ್ಕಿಗೆ ಹೋಗಿ ನೆಲೆಸಿದರು. ಮುಂದಿನ ಆಲ್ಬಮ್ ‘ಲೆಟ್ ಗೋ’ ಬಂದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಕಂಪೆನಿಯೂ ಬದಲಾಗಿತ್ತು, ನಿರ್ಮಾಪಕರೂ ಬದಲಾಗಿದ್ದರು. ಅಮೆರಿಕದ ಮಿಚೆಲ್ ಫ್ರೂಮ್ ಅದನ್ನು ರೂಪಿಸಿದರು.

ನಿರಾಸೆ ಯಾರದು?

ಇಲ್ಲಿ ಒಂದು ಸಂಗತಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಅದೇ 1998ರಲ್ಲಿ, ಅದೇ ಯೋಹಾನ್ಸನ್ ನಿರ್ಮಾಣದಲ್ಲಿ, ಕಾರ್ಡಿಗನ್ಸ್ ತಂಡದ ‘ಗ್ರಾನ್ ಟುರಿಸ್ಮೊ’ ಆಲ್ಬಮ್ ಹೊರಬಂತು. ‘ಲೈಫ್’ನ ಕೊಳಲು, ಟ್ರಂಪೆಟ್ ಯಾವುದೂ ಅಲ್ಲಿಲ್ಲ. ಯಂತ್ರದ ಲಯ, ಕೊರೆಯುವ ಗಿಟಾರ್, ಬೂದುಬಣ್ಣದ ದನಿ. ಸ್ವೀಡಿಶ್ ಪಾಪ್ ಎಂದರೆ ಸ್ಕೇಟಿಂಗ್ ಉಡುಪಿನ ನಗುಮುಖ ಎಂದುಕೊಂಡಿದ್ದವರಿಗೆ ಸ್ವೀಡನ್ನಿನವರೇ ಬಾಗಿಲು ಮುಚ್ಚಿದರು.

ಹೀಗೆ ಜಪಾನಿ ಗಾಯಕಿ ಮತ್ತು ಸ್ವೀಡನ್ನಿನ ತಂಡ ಒಂದೇ ವರ್ಷ ಒಂದೇ ದಿಕ್ಕಿಗೆ ತಿರುಗಿದ್ದು ಏಕೆಂದು ಕೇಳಿಕೊಂಡರೆ ನಿರಾಸೆಯ ಬೇರು ಸಿಗುತ್ತದೆ. ಟ್ಯಾಂಬರೀನ್ ಸದ್ದನ್ನು ದೂರದಿಂದ ಕೇಳಿದವರು ಅದನ್ನು ಒಂದು ಬಣ್ಣವೆಂದು ತಿಳಿದರು. ಯಾವ ಗೋಡೆಗೆ ಬಳಿದರೂ ಅದೇ ಹೊಳಪು ಬರುತ್ತದೆಂದು ನಂಬಿದರು. ಒಳಗಿದ್ದವರಿಗೆ ಅದು ಬಣ್ಣವಲ್ಲ, ಕೆಲಸ ಮಾಡುವ ಒಂದು ರೀತಿ. ಹತ್ತಿರದಿಂದ ಮುದ್ರಿಸಿಕೊಳ್ಳುವ ಮೈಕು ಸಂತೋಷವನ್ನು ಹಿಡಿದಷ್ಟೇ ನಿಷ್ಠುರವಾಗಿ ದುಗುಡವನ್ನೂ ಹಿಡಿಯುತ್ತದೆ. ಗುಹೆಯ ಮೊಳಗು, ಅಲಂಕಾರದ ಪ್ರತಿಧ್ವನಿ ಇಲ್ಲದಿದ್ದಾಗ ಗಾಯಕಿ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. 1997ರಲ್ಲಿ ಆ ಕೋಣೆಯೊಳಗೆ ಹೋದವರು ಉತ್ಸಾಹದ ಹುಡುಗಿ. 1998ರಲ್ಲಿ ಹೋದವರು ಬೇರೆಯೇ ಮನಃಸ್ಥಿತಿಯ ಹೆಣ್ಣು. ಕೋಣೆ ಎರಡನ್ನೂ ಇದ್ದಂತೆಯೇ ಬರೆದುಕೊಂಡಿತು.

ಎರಡನೆಯ ಕಾರಣ, ಮಾರುಕಟ್ಟೆಯ ಅವಸರ. ಜಪಾನಿನಲ್ಲಿ ಸಿ.ಡಿ. ಉದ್ಯಮ ತನ್ನ ಶಿಖರ ಮುಟ್ಟಿದ್ದು 1998ರಲ್ಲಿಯೇ. ವರ್ಷಕ್ಕೊಂದು ಆಲ್ಬಮ್, ನಡುನಡುವೆ ಬಿಡಿ ಹಾಡುಗಳ ಸಿ.ಡಿ. ಎಂಬ ಲೆಕ್ಕದಲ್ಲಿ ಕಂಪೆನಿಗಳು ಗಾಯಕರನ್ನು ಓಡಿಸುತ್ತಿದ್ದವು. ಸ್ವಂತವಾಗಿ ಬರೆದು ಹಾಡುವವರಿಗೆ ಈ ಓಟ ಕಷ್ಟ. ಬದುಕಿದ್ದನ್ನು ಬರೆಯಬೇಕಾದರೆ ಮೊದಲು ಬದುಕಲು ಬಿಡುವು ಬೇಕು.

ಮೂರನೆಯದು, ಜನಪ್ರಿಯತೆಯ ವಿಪರ್ಯಾಸ. ಒಂದು ಧ್ವನಿ ಹೆಸರಾದ ಕೂಡಲೇ ಅದರ ಹೊರಲಕ್ಷಣಗಳನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಆರ್ಗನ್ ಸದ್ದು, ಒಣ ಡ್ರಮ್ಮು, ಪಿಸುದನಿ ಇವು ಟೋಕಿಯೊದ ಯಾವ ಸ್ಟುಡಿಯೊದಲ್ಲಾದರೂ ಮಾಡಬಹುದಾದವು. ಮೂರೇ ವರ್ಷಗಳಲ್ಲಿ ಅವು ಹಳತೆನಿಸಿದ್ದರೆ ತಪ್ಪು ಮಾಲ್ಮೊದ್ದಲ್ಲ. ಅತಿಯಾಗಿ ಕೇಳಿದ ಕಿವಿಯದು.

ಎರಡು ಭಾಷೆ, ಒಂದೇ ನೋವು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಟೋಕಿಯೊದಿಂದ ನೋಡಿದಾಗ ಸ್ವೀಡನ್ ಎಂದರೆ ನೀಲಿ ಆಕಾಶ, ಹಳದಿ ಕುರ್ಚಿ, ಉಣ್ಣೆಯ ಅಂಗಿ. ವಾಸ್ತವದಲ್ಲಿ ಮಾಲ್ಮೊದ ಚಳಿಗಾಲ ದೀರ್ಘ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿನ ಜನಪದ ಗೀತೆಗಳಲ್ಲಿ ವಿಷಾದದ ಛಾಯೆ ದಟ್ಟ. ಅಬ್ಬಾ ತಂಡದ ಕುಣಿಯುವ ಹಾಡುಗಳ ಒಳಗೂ ಒಂದು ಸಣ್ಣ ನಿಟ್ಟುಸಿರು ಕೇಳುತ್ತದೆ. ಸ್ವೀಡಿಶ್ ಭಾಷೆಯಲ್ಲಿ ಇದಕ್ಕೆ ‘ವೇಮೂದ್’ ಎಂಬ ಮಾತಿದೆ. ಕಳೆದುಹೋದುದನ್ನು ನೆನೆದು ಮನಸ್ಸು ಮೆಲ್ಲಗೆ ಭಾರವಾಗುವುದು ಅದರ ಅರ್ಥ.

ಜಪಾನಿ ಭಾಷೆಯಲ್ಲಿ ‘ಸೆತ್ಸುನಾಯ್’ ಎಂಬ ಪದವಿದೆ. ಎದೆ ಹಿಂಡಿದಂತಾಗುವ, ಆದರೂ ಬಿಟ್ಟುಕೊಡಲು ಮನಸ್ಸಾಗದ ನೋವಿಗೆ ಅಲ್ಲಿ ಹೀಗೆನ್ನುತ್ತಾರೆ. ಪ್ರೇಮಗೀತೆಯೊಂದನ್ನು ಮೆಚ್ಚಿಕೊಳ್ಳುವಾಗ ಜಪಾನಿನವರು ಬಳಸುವ ಮಾತುಗಳಲ್ಲಿ ಇದು ಮುಖ್ಯವಾದದ್ದು. ಎರಡು ಪದಗಳೂ ಒಂದೇ ಅಲ್ಲ. ಆದರೆ ಅಕ್ಕಪಕ್ಕದ ಮನೆಯವು. ಶಿಬುಯಾದ ಕಿವಿ ಕಾರ್ಡಿಗನ್ಸ್ ಹಾಡಿನಲ್ಲಿ ಹಿಡಿದದ್ದು ಬಿಸಿಲನ್ನಷ್ಟೇ ಅಲ್ಲ, ಬಿಸಿಲಿನ ಅಡಿಯ ಈ ನೆರಳನ್ನು ಕೂಡ. ಆದರೆ ಮಾರಾಟದ ಹಣೆಪಟ್ಟಿಯಲ್ಲಿ ಬಿಸಿಲು ಮಾತ್ರ ಉಳಿಯಿತು.

ಈ ದೃಷ್ಟಿಯಿಂದ ನೋಡಿದರೆ ‘ಈವಿಲ್ ಅಂಡ್ ಫ್ಲವರ್ಸ್’ ಬೇರೆಯಾಗಿ ಕೇಳುತ್ತದೆ. ಸ್ವೀಡನ್ನಿನಿಂದ ಜಪಾನಿ ಗಾಯಕಿಯೊಬ್ಬರು ತಂದ ಹಾಡುಗಳಲ್ಲಿ ಆ ದೇಶದ ಒಳಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಬಹುಶಃ ಇದೇ. ಉಡುಪನ್ನು ಬಿಟ್ಟು ಹವಾಮಾನವನ್ನು ತಂದ ಆಲ್ಬಮ್ ಇದು. ಹಾಗೆಂದು ಅದರ ಎಲ್ಲ ಹಾಡುಗಳೂ ಸೊಗಸು ಎನ್ನಲಾಗದು. ನಿಧಾನ ನಡಿಗೆಯ ಹಾಡುಗಳ ಗುಂಪಿನಲ್ಲಿ ಒಂದೆರಡು ಕಡಿಮೆಯಾಗಿದ್ದರೆ ಉಳಿದವು ಇನ್ನಷ್ಟು ಬೆಳಗುತ್ತಿದ್ದವು. ಆದರೆ ಕೊರತೆ ಇರುವುದು ಹಾಡುಗಳ ಆಯ್ಕೆಯಲ್ಲಿ, ಅವುಗಳ ದಿಕ್ಕಿನಲ್ಲಲ್ಲ.

ಅಲೆ ಇಳಿದ ಮೇಲೆ

1990ರ ದಶಕ ಮುಗಿಯುವ ಹೊತ್ತಿಗೆ ಸ್ವೀಡಿಶ್ ಪಾಪ್ ಅಲೆ ಇಳಿದಿತ್ತು. 1999ರಲ್ಲಿ ಹಿಕಾರು ಉತಾದಾ ಎಂಬ ಹದಿಹರೆಯದ ಗಾಯಕಿಯ ‘ಫಸ್ಟ್ ಲವ್’ ಆಲ್ಬಮ್ ಎಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಗಿ ಜಪಾನಿನ ಕಿವಿಯನ್ನು ಅಮೆರಿಕದ ಆರ್ ಅಂಡ್ ಬಿ ಶೈಲಿಯತ್ತ ತಿರುಗಿಸಿತು. ಶಿಬುಯಾದ ಎಚ್.ಎಂ.ವಿ. ಅಂಗಡಿ 2010ರಲ್ಲಿ ಬಾಗಿಲು ಹಾಕಿದಾಗ ಒಂದು ಯುಗ ಮುಗಿಯಿತೆಂದು ಅನೇಕರು ಬೇಸರಪಟ್ಟರು.

ಟೋರೆ ಯೋಹಾನ್ಸನ್ ಅವರು ಬಿಸಿಲಿನ ಪಾಪ್ ಮಾಡುವವರೆಂಬ ಬಿರುದಿಗೆ ಕಟ್ಟುಬೀಳಲಿಲ್ಲ. ಸ್ಕಾಟ್ಲೆಂಡಿನ ‘ಫ್ರಾಂಝ್ ಫರ್ಡಿನಾಂಡ್’ ತಂಡದ ಮೊದಲ ಆಲ್ಬಮ್ ಅನ್ನು ಮಾಲ್ಮೊದಲ್ಲಿಯೇ ಮುದ್ರಿಸಿದರು. ಚೂಪಾದ, ಬಿಗಿಯಾದ ಆ ಗಿಟಾರ್ ಸಂಗೀತ 2004ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗಳಿಸಿತು. ಸ್ವೀಡನ್ ಮತ್ತು ಪೂರ್ವ ಏಷ್ಯಾದ ನಂಟು ಕಡಿಯಲಿಲ್ಲ, ರೂಪ ಬದಲಿಸಿತು. ಗಾಯಕರು ಸ್ಟುಡಿಯೊ ಹುಡುಕಿಕೊಂಡು ಹೋಗುವ ಬದಲು ಸ್ವೀಡನ್ನಿನ ಸಂಯೋಜಕರೇ ಜಪಾನ್, ಕೊರಿಯಾಗಳ ತಂಡಗಳಿಗೆ ಹಾಡು ಹೊಸೆದು ಕಳಿಸತೊಡಗಿದರು. ಕೊರಿಯಾದ ‘ರೆಡ್ ವೆಲ್ವೆಟ್’ ಹುಡುಗಿಯರ ತಂಡದ 2017ರ ‘ರೆಡ್ ಫ್ಲೇವರ್’ ಹಾಡು ಇಬ್ಬರು ಸ್ವೀಡಿಶ್ ಸಂಯೋಜಕರ ಕೃತಿ. ಇವೆಲ್ಲ ಅಚ್ಚುಕಟ್ಟಾದ ಹಾಡುಗಳು. ಆದರೆ ಒಂದು ಊರಿನ ಒಂದು ಕೋಣೆಯ ಗಾಳಿ ಅವುಗಳಲ್ಲಿ ಸಿಗುವುದಿಲ್ಲ.

ಬಾನಿ ಪಿಂಕ್ ಅವರ ಕತೆಯೂ ನಿರಾಸೆಯಲ್ಲಿ ಮುಗಿಯಲಿಲ್ಲ. ನ್ಯೂಯಾರ್ಕಿನಿಂದ ಮರಳಿದ ನಂತರ ಅವರು ಮತ್ತೆ ಸ್ವೀಡನ್ನಿನವರ ಜತೆಗೂ ಕೆಲಸ ಮಾಡಿದರು. 2006ರಲ್ಲಿ ಸೌಂದರ್ಯವರ್ಧಕ ಕಂಪೆನಿಯೊಂದರ ಸನ್‌ಸ್ಕ್ರೀನ್ ಜಾಹೀರಾತಿಗೆ ಬಳಕೆಯಾದ ‘ಎ ಪರ್ಫೆಕ್ಟ್ ಸ್ಕೈ’ ಹಾಡು ದೇಶದ ತುಂಬ ಮೊಳಗಿತು. ಅದೇ ವರ್ಷಾಂತ್ಯದಲ್ಲಿ ಜಪಾನಿನ ಸಾರ್ವಜನಿಕ ದೂರದರ್ಶನದ ಹೆಸರಾಂತ ‘ಕೋಹಾಕು’ ಗಾಯನ ಕಾರ್ಯಕ್ರಮದ ವೇದಿಕೆಯನ್ನು ಅವರು ಏರಿದರು. ಮೊದಲ ಆಲ್ಬಮ್ ಬಂದು ಆಗ ಹನ್ನೊಂದು ವರ್ಷಗಳಾಗಿದ್ದವು. ಬಿಸಿಲಿನ ಹಾಡು ಮತ್ತೆ ಬಂದಿತ್ತು. ಈ ಸಲ ಅದನ್ನು ತರಲು ಯಾರೂ ಅವಸರಪಡಿಸಿರಲಿಲ್ಲ.

ಇನ್ನೊಂದು ನಾಡಿನ ಸ್ವರಕ್ಕೆ ಮನಸೋಲುವುದು ತಪ್ಪಲ್ಲ. ಹಾಗೆ ಮನಸೋತು ಅಲ್ಲಿಗೇ ಹೋಗಿ ಕಲಿತು ಬರುವುದು ಮೆಚ್ಚತಕ್ಕ ಸಾಹಸವೇ. ಆದರೆ ಹೋದವರು ಪ್ರತಿ ಸಲವೂ ಅದೇ ಉಡುಗೊರೆ ಹೊತ್ತು ತರಲೆಂದು ಮನೆಯಲ್ಲಿ ಕೂತವರು ಬಯಸುತ್ತಾರೆ. 1998ರ ಆ ಮಂಕು ಬೆಳಕಿನ ಆಲ್ಬಮ್ ಇಂದಿಗೂ ಕೇಳಲು ಸಿಗುತ್ತದೆ. ‘ಹೆವನ್ಸ್ ಕಿಚನ್’ ಹುಡುಕಿಕೊಂಡು ಅದರ ಬಳಿಗೆ ಹೋದವರಿಗೆ ಇಂದೂ ನಿರಾಸೆಯೇ. ಏನನ್ನೂ ಹುಡುಕದೆ, ಒಂದು ಮಳೆಯ ಸಂಜೆ ಸುಮ್ಮನೆ ಹಾಕಿಕೊಂಡು ಕೂತವರಿಗೆ ಅದು ಬೇರೆಯೇ ಏನನ್ನೋ ಹೇಳೀತು.